ಕೈ ಜೋಮು: ಆಪರೇಷನ್ ಇಲ್ಲದೆ ಎಲ್ಲಿಯವರೆಗೆ?

ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನ ಅರಗಿನ ಬಳೆಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಆ ಬಳೆ ಮಾಡುವವರು ಬಿಸಿ ಅರಗನ್ನು ಉರುಳಿಸಿ, ಸುತ್ತಿ, ಅದು ಮೆತ್ತಗಿರುವಾಗಲೇ ಹರಳುಗಳನ್ನು ಒಂದೊಂದಾಗಿ ಒತ್ತಿ ಕೂರಿಸಬೇಕು. ಹೆಬ್ಬೆರಳು, ತೋರುಬೆರಳು ದಿನವಿಡೀ ಚಿವುಟಿ ಹಿಡಿದೇ ಇರುತ್ತವೆ. ಬೀದರ್, ಕಲಬುರಗಿ ಕಡೆ ಹಿಟ್ಟು ನಾದಿ ಜೋಳದ ರೊಟ್ಟಿ ಬಡಿಯುವ ಕೈಗಳಿಗೂ ಬಿಡುವೆಂಬುದಿಲ್ಲ. ಬಲವಾಗಿ ಹಿಡಿದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕೈಗೆ ಕಾರ್ಪಲ್ ಟನಲ್ ಸಿಂಡ್ರೋಮ್ ಬರುವ ಸಂಭವ ಹೆಚ್ಚು. ಹೈಟೆಕ್ ಸಿಟಿಯ ಕೀಬೋರ್ಡಿನ ಮೇಲೆ ಎಲ್ಲರೂ ದೂರು ಹೊರಿಸುತ್ತಾರಾದರೂ ಅದಕ್ಕೆ ಇರುವ ಪುರಾವೆ ಇಷ್ಟು ಗಟ್ಟಿಯಲ್ಲ.

ಮಣಿಕಟ್ಟಿನ ಒಳಬದಿಯ ಇಕ್ಕಟ್ಟಾದ ಹಾದಿಯಲ್ಲಿ ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಹಾದುಹೋಗುತ್ತದೆ. ಅಲ್ಲಿ ಒತ್ತಡ ಹೆಚ್ಚಿದರೆ ನಲುಗುವುದು ಆ ನರ. ಹೆಬ್ಬೆರಳಿನಿಂದ ಉಂಗುರದ ಬೆರಳಿನ ಅರ್ಧದವರೆಗೆ ಜೋಮು ಹಿಡಿಯುತ್ತದೆ, ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಡುರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವುದು ಇದರ ಗುರುತು.

ಬೀದರ್, ಕಲಬುರಗಿ, ರಾಯಚೂರಿನ ಜನ ದೊಡ್ಡ ಆಸ್ಪತ್ರೆ ಬೇಕಾದಾಗ ಹೈದರಾಬಾದಿನ ಬಸ್ಸು ಹತ್ತುವವರು. ಪಂಜಾಗುಟ್ಟದ ನಿಮ್ಸ್ ಅವರಿಗೆ ಹೊಸ ಹೆಸರಲ್ಲ. ನರದ ಪರೀಕ್ಷೆ ಮುಗಿದೊಡನೆ ಬರುವ ಪ್ರಶ್ನೆ: "ಆಪರೇಷನ್ ಬಿಟ್ಟು ಬ್ಯಾರೆ ಹಾದಿ ಅದ ಏನ್ರಿ?" ಇದು ಬರೀ ಹೆದರಿಕೆಯ ಪ್ರಶ್ನೆಯಲ್ಲ. ಆಪರೇಷನ್ ಚಿಕ್ಕದೇ, ಕೈಯನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. ಆದರೆ ಹಿಡಿತ ಮೊದಲಿನಂತಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ದಿನಗೂಲಿಯವರಿಗೆ ಅಷ್ಟು ದಿನ ಎಲ್ಲಿಂದ ಬರಬೇಕು?

ಹಾದಿ ಇದೆ. ಮೊದಲನೆಯದು ಮಣಿಕಟ್ಟು ಮಡಿಯದಂತೆ ರಾತ್ರಿ ಕಟ್ಟುವ ಸ್ಪ್ಲಿಂಟ್ ಪಟ್ಟಿ. ಇಲ್ಲೊಂದು ಸೂಕ್ಷ್ಮವಿದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಎಷ್ಟೋ ಪಟ್ಟಿಗಳ ಒಳಗಿನ ಲೋಹದ ತಗಡು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವಂತಿರುತ್ತದೆ. ಹಾಗೆ ಬಾಗಿದಾಗಲೂ ಒಳಗಿನ ಒತ್ತಡ ಏರುತ್ತದೆ. ತಗಡನ್ನು ಹೊರತೆಗೆದು ನೇರ ಮಾಡಿಸಿ ಕಟ್ಟಬೇಕು. ಪಟ್ಟಿಯಿಂದ ಗುಣವಾಗಲಿಲ್ಲ ಎನ್ನುವವರು ಮೊದಲು ಈ ತಗಡನ್ನು ನೋಡಿಕೊಳ್ಳಲಿ.

ಎರಡನೆಯದು ಸ್ಟೀರಾಯ್ಡ್ ಇಂಜೆಕ್ಷನ್. ಸ್ಪ್ಲಿಂಟಿನೊಂದಿಗೆ ಅದನ್ನು ಹೋಲಿಸಿದ ಬ್ರಿಟನ್ನಿನ ಅಧ್ಯಯನವೊಂದು 2018ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. 6 ವಾರಕ್ಕೆ ಇಂಜೆಕ್ಷನ್ನೇ ಮೇಲಾಗಿತ್ತು, 6 ತಿಂಗಳಿಗೆ ಎರಡೂ ಸಮ. ಅಂದರೆ ಬೇಗ ನೋವಿಳಿಯಬೇಕಾದವರಿಗೆ, ಉದಾಹರಣೆಗೆ ಹಬ್ಬದ ಹಂಗಾಮಿನ ಬಳೆಯವರಿಗೆ, ಸೂಜಿಯಿಂದ ಅನುಕೂಲವುಂಟು. ಸಕ್ಕರೆ ಕಾಯಿಲೆಯವರು ಮಾತ್ರ ಆಮೇಲಿನ ಕೆಲವು ದಿನ ಸಕ್ಕರೆ ಏರುತ್ತದೆಂಬುದನ್ನು ಮರೆಯಬಾರದು.

ಯೋಗದ ಪರವಾಗಿಯೂ ಸ್ವಲ್ಪ ಪುರಾವೆ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯ ಆಸನಗಳನ್ನು ಅಮೆರಿಕದಲ್ಲಿ 42 ಜನರ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. 8 ವಾರಗಳಲ್ಲಿ ನೋವು ಇಳಿದು ಹಿಡಿತ ಬಲವಾಗಿತ್ತು. ಮನಸ್ಸಿಗೆ ಹಿತವಾಗುವ ಸುದ್ದಿಯೇ, ಆದರೆ 42 ಜನ ಬಹಳ ಕಡಿಮೆ. ಬಿ6 ಮಾತ್ರೆಯ ಬಗ್ಗೆ ಇಷ್ಟೂ ಹೇಳಲಾರೆ: ಉಪಯೋಗಕ್ಕೆ ಗಟ್ಟಿ ಆಧಾರವಿಲ್ಲ, ಅತಿಯಾದರೆ ಅದೇ ನರಕ್ಕೆ ಕೆಡುಕು.

ಇನ್ನು ಸರ್ಜನ್ನರ ವಾದ. ಅದನ್ನು ಹಣದಾಸೆಯ ಮಾತೆಂದು ತಳ್ಳಿಹಾಕುವುದು ಅನ್ಯಾಯ. 2002ರಲ್ಲಿ ಬಂದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ 18 ತಿಂಗಳ ಹೊತ್ತಿಗೆ ಆಪರೇಷನ್ ಗುಂಪಿನ ಶೇ. 90, ಸ್ಪ್ಲಿಂಟ್ ಗುಂಪಿನ ಶೇ. 75 ಮಂದಿ ಗುಣವಾಗಿದ್ದರು, ಸ್ಪ್ಲಿಂಟಿನವರಲ್ಲೂ ಶೇ. 41 ಜನ ಅಷ್ಟರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. 2013ರ ಸ್ವೀಡನ್ ಅಧ್ಯಯನದಲ್ಲಿ, ಸ್ಪ್ಲಿಂಟಿನಿಂದ ಗುಣವಾಗದೆ 80 ಮಿಲಿಗ್ರಾಂ ಸ್ಟೀರಾಯ್ಡ್ ಪಡೆದವರಲ್ಲೂ ಶೇ. 73 ಮಂದಿ ಒಂದು ವರ್ಷದೊಳಗೆ ಆಪರೇಷನ್ನಿಗೆ ಹೋದರು. ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಬಹುಕಾಲ ಅದುಮಿಸಿಕೊಂಡ ನರ ಸೊರಗುತ್ತದೆ, ಹೆಬ್ಬೆರಳಿನ ಬುಡದ ಮಾಂಸ ಕರಗುತ್ತದೆ. ಆಮೇಲೆ ಆಪರೇಷನ್ ಮಾಡಿದರೂ ಕಳೆದುಹೋದ ಬಲವೆಲ್ಲ ಮರಳುವ ಭರವಸೆಯಿಲ್ಲ. ಸೂಜಿಯಿಂದ ನೋವು ಇಳಿದೊಡನೆ ಊರಿಗೆ ಹೋಗಿ, ಮತ್ತೆ ತೋರಿಸಲು ನೂರಾರು ಕಿಲೋಮೀಟರ್ ಬರಲಾಗದೆ ಸುಮ್ಮನಾಗುವ ನಮ್ಮ ಕಡೆಯವರಿಗೆ ಈ ಅಪಾಯ ಹೆಚ್ಚು ಎಂದೇ ನನ್ನ ಚಿಂತೆ.

ಹಾಗಾಗಿ ಜೋಮು ಬಂದು ಹೋಗುವ ಹಂತದಲ್ಲಿ ಆಪರೇಷನ್ನಿಗೆ ಅವಸರ ಬೇಡ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ 6 ವಾರ ನೇರ ಪಟ್ಟಿ ಕಟ್ಟಿ ನೋಡಿ, ಬೇಕಾದರೆ ಒಂದು ಇಂಜೆಕ್ಷನ್ ಪಡೆಯಿರಿ. ಗರ್ಭಿಣಿಯರಿಗೆ ಹೆರಿಗೆಯ ನಂತರ ತಾನಾಗಿಯೇ ಇಳಿಯುವುದೂ ಉಂಟು. ಹಗಲೂ ರಾತ್ರಿ ಜೋಮು ಬಿಡದಿದ್ದರೆ, ಗುಂಡಿ ಹಾಕಲು ಬಾರದಿದ್ದರೆ, ಎರಡೂ ಅಂಗೈ ಜೋಡಿಸಿ ನೋಡಿದಾಗ ಹೆಬ್ಬೆರಳಿನ ಬುಡ ಒಂದು ಕಡೆ ತಗ್ಗಿದ್ದರೆ, ಮತ್ತೊಂದು ಸೂಜಿಗೆ ಕಾಯದೆ ಸರ್ಜನ್ನರನ್ನು ಕಾಣಿರಿ.