ಸವಾರನ ಹೊರೆ

ದೂರಪ್ರಯಾಣಕ್ಕೆ ಯಾವ ಮೋಟಾರ್ ಸೈಕಲ್ಲು ಯೋಗ್ಯವೆಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಎಂಜಿನ್ನಿನ ಬಲವನ್ನು ವಿಚಾರಿಸದವರಿಲ್ಲ. ತೂಕವನ್ನು ವಿಚಾರಿಸುವವರು ವಿರಳ. 2021ರಲ್ಲಿ ಹೊಸ ರೂಪದಲ್ಲಿ ಬಂದ ಕ್ಲಾಸಿಕ್ 350ರ ತೂಕ 195 ಕಿಲೋಗ್ರಾಂ. ಹೆದ್ದಾರಿಯಲ್ಲಿ ಅದೇ ಸ್ಥೈರ್ಯವೆನಿಸೀತು. ಆದರೆ ನಾವು ದಿನವೂ ಹೋಗುವುದು ಕಾಲೇಜಿಗೆ, ತರಕಾರಿ ಮಾರುಕಟ್ಟೆಗೆ. ಅಲ್ಲಿಯ ಇಕ್ಕಟ್ಟಿನಿಂದ ಅದನ್ನು ಹಿಂದಕ್ಕೆ ತಳ್ಳಬೇಕಾದವನು ಸವಾರನೇ.

ಇನ್ನು ಸಾಮಾನು. ಒಮ್ಮೆ ನಾನು ಕ್ಯಾರಿಯರಿನ ಮೇಲೆ ಪುಸ್ತಕದ ಪೆಟ್ಟಿಗೆಯನ್ನು ಎತ್ತರಕ್ಕೆ ಕಟ್ಟಿಕೊಂಡು ಆಗುಂಬೆಯ ಘಾಟಿ ಏರಿದೆ. ಭಾರವೆಲ್ಲ ಹಿಂದಿನ ಚಕ್ರದ ಆಚೆಗೆ ಬಿದ್ದು ಮುಂದಿನ ಚಕ್ರ ಹಗುರಾಯಿತು. ತಿರುವಿನಲ್ಲಿ ಹ್ಯಾಂಡಲ್ಲು ನನ್ನ ಮಾತು ಕೇಳಲಿಲ್ಲ. ಮೊಣಕಾಲಿನ ಗಾಯ ಮಾಯಲು ತಿಂಗಳಾಯಿತು. (ಪುಸ್ತಕಗಳಿಗೆ ಏನೂ ಆಗಲಿಲ್ಲ!) ಎರಡು ಮಗ್ಗುಲಿಗೂ ತಗ್ಗಾಗಿ, ಸೈಲೆನ್ಸರಿಗೆ ತಗುಲದಂತೆ ಇಳಿಬಿಟ್ಟ ಬಟ್ಟೆಯ ಚೀಲಗಳೇ ಲೇಸು, ಊರಿಗೆ ಮರಳಿದೊಡನೆ ಕಳಚಿಡಬಹುದು. ಮಳೆಗಾಲದಲ್ಲಿ ಮಾತ್ರ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಬೇಕು.