ಬಿಚ್ಚುವವರೆಗೆ ಗೊತ್ತಾಗದ ಗೊಂಬೆ

2024ರ ಏಪ್ರಿಲ್‌ನಲ್ಲಿ ಬ್ಲ್ಯಾಕ್‌ಪಿಂಕ್ ತಂಡದ ಗಾಯಕಿ ಲೀಸಾ ಇನ್‌ಸ್ಟಾಗ್ರಾಂನಲ್ಲಿ ಒಂದು ಗೊಂಬೆಯ ಚಿತ್ರ ಹಾಕಿದರು. ಮೊಲದಂಥ ನೆಟ್ಟನೆಯ ಕಿವಿ, ದೊಡ್ಡ ಕಣ್ಣು, ಬಾಯಿಯಲ್ಲಿ ಸಾಲಾಗಿ ಒಂಬತ್ತು ಚೂಪು ಹಲ್ಲು. ಹೆಸರು ಲಬೂಬು. ಲೀಸಾ ಥಾಯ್ಲೆಂಡಿನ ಹುಡುಗಿ, ತಾರೆಯಾದದ್ದು ಕೊರಿಯಾದಲ್ಲಿ. ಗೊಂಬೆಯನ್ನು ಬರೆದ ಕಸಿಂಗ್ ಲುಂಗ್ ಹುಟ್ಟಿದ್ದು ಹಾಂಗ್‌ಕಾಂಗ್‌ನಲ್ಲಿ, ಬೆಳೆದದ್ದು ನೆದರ್ಲೆಂಡ್ಸ್‌ನಲ್ಲಿ. ಉತ್ತರ ಯುರೋಪಿನ ಜನಪದ ಕಥೆಗಳನ್ನು ಓದಿಕೊಂಡೇ ದೊಡ್ಡವರಾದವರು. ಅದನ್ನು ಮಾರುವ ಪಾಪ್ ಮಾರ್ಟ್ ಬೀಜಿಂಗಿನ ಕಂಪನಿ. ಇಷ್ಟು ದೇಶಗಳು ಒಂದು ಅಂಗೈಯಗಲದ ಗೊಂಬೆಯಲ್ಲಿ ಕೂಡಿಕೊಂಡಿದ್ದವು.

ಮುಂದಿನದು ಬಹಳ ಬೇಗ ನಡೆಯಿತು. ಬ್ಯಾಂಕಾಕಿನಲ್ಲಿ ಜನ ಮುಗಿಬಿದ್ದರು. ಅದೇ ಜುಲೈಯಲ್ಲಿ ಥಾಯ್ಲೆಂಡಿನ ಪ್ರವಾಸೋದ್ಯಮ ಪ್ರಾಧಿಕಾರ ಲಬೂಬು ವೇಷಧಾರಿಯನ್ನು ವಿಮಾನ ನಿಲ್ದಾಣದಿಂದಲೇ ಸ್ವಾಗತಿಸಿ, ದೇಶದ ಪ್ರಚಾರಕ್ಕೆ ಬಳಸಿಕೊಂಡಿತು. ಮರುವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ ಅಂಗಡಿಗಳ ಮುಂದೆ ಸರತಿಯಲ್ಲಿ ನಿಂತವರು ಕೈಕೈ ಮಿಲಾಯಿಸಿದ್ದರಿಂದ ಕಂಪನಿ ಅಲ್ಲಿ ಅಂಗಡಿ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಜೂನ್‌ನಲ್ಲಿ ಬೀಜಿಂಗಿನ ಹರಾಜೊಂದರಲ್ಲಿ ಮಗುವಿನ ಎತ್ತರದ ಒಂದು ಲಬೂಬು 10.8 ಲಕ್ಷ ಯುವಾನ್‌ಗೆ ಹೋಯಿತು. ಲಬೂಬು ಮತ್ತು ಅದರ ಬಳಗದ ಗೊಂಬೆಗಳಿಂದ ಪಾಪ್ ಮಾರ್ಟ್‌ಗೆ 2024ರಲ್ಲಿ ಬಂದದ್ದು 304 ಕೋಟಿ ಯುವಾನ್, ಹಿಂದಿನ ವರ್ಷದ ಎಂಟು ಪಟ್ಟಿಗೂ ಹೆಚ್ಚು. 2025ರ ಮೊದಲ ಆರು ತಿಂಗಳಲ್ಲೇ ಕಂಪನಿಯ ಒಟ್ಟು ವರಮಾನ ಹಿಂದಿನ ಇಡೀ ವರ್ಷದ್ದನ್ನು ಮೀರಿಸಿತು.

ಇದನ್ನು ಏಷ್ಯಾದ ಸೃಜನಶೀಲತೆಯ ಗೆಲುವೆಂದು ಬರೆದವರು ಬಹಳ. ಅದು ಸುಳ್ಳಲ್ಲ. ಒಬ್ಬ ಕಲಾವಿದ 2015ರಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆಂದು ಬರೆದ ಒಂದು ತುಂಟ ಭೂತ, ಹಾಲಿವುಡ್ಡಿನ ಹಂಗಿಲ್ಲದೆ ಪ್ರಪಂಚ ಸುತ್ತಿ ಬಂದಿದೆ. ಆದರೆ ಅಂಗಡಿಯಲ್ಲಿ ಆ ಗೊಂಬೆಯನ್ನು ಕೊಳ್ಳುವ ಬಗೆಯನ್ನು ಹತ್ತಿರದಿಂದ ನೋಡಿದರೆ, ಈ ಗೆಲುವಿನ ಇನ್ನೊಂದು ಬೇರು ಕಾಣುತ್ತದೆ. ಅದನ್ನು ಹೊಗಳುವುದು ಕಷ್ಟ.

ಗೊಂಬೆ ಮುಚ್ಚಿದ ರಟ್ಟಿನ ಡಬ್ಬಿಯಲ್ಲಿರುತ್ತದೆ. ಡಬ್ಬಿಯ ಮೇಲೆ ಆ ಸರಣಿಯ ಆರು ಬಣ್ಣಗಳ ಗೊಂಬೆಗಳ ಚಿತ್ರವಿದೆ, ಜೊತೆಗೆ ಕಪ್ಪು ನೆರಳಿನಂತೆ ಏಳನೆಯದೊಂದು. ಅದು ‘ಸೀಕ್ರೆಟ್’. ಒಳಗಿರುವುದು ಯಾವುದೆಂದು ಡಬ್ಬಿ ಹರಿದು, ಅದರೊಳಗಿನ ಬೆಳ್ಳಿಬಣ್ಣದ ಪೊಟ್ಟಣವನ್ನೂ ಕತ್ತರಿಸುವವರೆಗೆ ತಿಳಿಯುವುದಿಲ್ಲ. ಕೊಳ್ಳುವವರು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಎರಡು ಡಬ್ಬಿಗಳನ್ನು ಎರಡು ಕೈಯಲ್ಲಿಟ್ಟು ತೂಗಿ ನೋಡುತ್ತಾರೆ. ಸೀಕ್ರೆಟ್ ಸಿಗುವ ಸಂಭವ 72ಕ್ಕೆ 1.

ಈ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಚೀನಾದಲ್ಲಿ ಜನಪ್ರಿಯ ಸರಣಿಯ ಒಂದು ಡಬ್ಬಿಗೆ 99 ಯುವಾನ್, ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರು ರೂಪಾಯಿಯ ಆಸುಪಾಸು. ಒಬ್ಬ ಹುಡುಗ ಒಂದೊಂದಾಗಿ 72 ಡಬ್ಬಿ ಕೊಂಡ ಎನ್ನೋಣ. ಖರ್ಚು 7,128 ಯುವಾನ್. ಅಷ್ಟಾದ ಮೇಲೂ ಸೀಕ್ರೆಟ್ ಸಿಗದೇ ಹೋಗುವ ಸಂಭವ ನೂರಕ್ಕೆ ಸುಮಾರು 37. ಅಂದರೆ ಹೀಗೆ ಕೊಂಡ ಮೂವರಲ್ಲಿ ಒಬ್ಬರಿಗಾದರೂ ಬರಿಗೈ. ‘72ಕ್ಕೆ 1’ ಎಂದು ಓದಿದವರಲ್ಲಿ ಹೆಚ್ಚಿನವರು 72 ಕೊಂಡರೆ ಒಂದು ಖಾತ್ರಿ ಎಂದೇ ತಿಳಿದಿರುತ್ತಾರೆ. ವ್ಯಾಪಾರ ನಿಂತಿರುವುದು ಆ ತಿಳಿವಳಿಕೆಯ ಮೇಲೆ.

ಮಾರಾಟದ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಜಾಣ ಏರ್ಪಾಡು ಇನ್ನೊಂದಿಲ್ಲ. ಡಬ್ಬಿ ಬಿಚ್ಚುವ ಗಳಿಗೆಯನ್ನು ಗ್ರಾಹಕರೇ ವಿಡಿಯೊ ಮಾಡಿ ಹಾಕುತ್ತಾರೆ; ಜಾಹೀರಾತಿನ ಖರ್ಚು ಉಳಿಯಿತು. ಎರಡನೇ ಸಲವೂ ಅದೇ ಬಣ್ಣ ಬಂದವರು ವಿನಿಮಯಕ್ಕೆ ಗುಂಪು ಕಟ್ಟಿಕೊಳ್ಳುತ್ತಾರೆ. ಅಭಿಮಾನಿ ಬಳಗ ತಾನಾಗಿ ಬೆಳೆಯಿತು. ಸೀಕ್ರೆಟ್ ಸಿಕ್ಕವರು ಹತ್ತು ಪಟ್ಟು ಬೆಲೆಗೆ ಮಾರಲು ಇಡುತ್ತಾರೆ. ಆ ಬೆಲೆಯೇ ಸುದ್ದಿಯಾಗಿ ಇನ್ನಷ್ಟು ಜನರನ್ನು ಅಂಗಡಿಗೆ ಕರೆತಂದಿತು. 2024ರಲ್ಲಿ ಪಾಪ್ ಮಾರ್ಟ್‌ನ ಪ್ರತಿ ನೂರು ಯುವಾನ್ ಮಾರಾಟದಲ್ಲಿ ಒಟ್ಟು ಲಾಭ 66 ಯುವಾನ್ ದಾಟಿತ್ತು.

ಈ ಏರ್ಪಾಡು ಪಾಪ್ ಮಾರ್ಟ್ ಹುಡುಕಿದ್ದಲ್ಲ. ನಾಣ್ಯ ಹಾಕಿ ಹಿಡಿ ತಿರುವಿದರೆ ಪ್ಲಾಸ್ಟಿಕ್ ಉಂಡೆಯಲ್ಲಿ ಆಟಿಕೆ ಉದುರಿಸುವ ಯಂತ್ರ 1960ರ ದಶಕದಲ್ಲಿ ಅಮೆರಿಕದಿಂದ ಜಪಾನಿಗೆ ಬಂತು. 1977ರಲ್ಲಿ ಬಂದಾಯ್ ಕಂಪನಿ ಅದನ್ನು ದೊಡ್ಡ ಉದ್ಯಮ ಮಾಡಿತು. ಜಾತ್ರೆಯಲ್ಲಿ ರಟ್ಟಿಗೆ ಅಂಟಿಸಿದ ಚೀಟಿ ಹರಿದು, ಬಂದ ನಂಬರಿಗೆ ಬೆಲೂನೋ ಪೀಪಿಯೋ ಪಡೆದ ನಮ್ಮ ಮಕ್ಕಳಿಗೆ ಆ ಯಂತ್ರದ ಸೊಗಸು ಬಿಡಿಸಿ ಹೇಳಬೇಕಿಲ್ಲ. ಚಿಲ್ಲರೆ ಕಾಸಿನ ಆಟ ಅದು, ಸೋತರೂ ಸಂಜೆಗೆ ಮರೆತುಹೋಗುವಂಥದ್ದು. ಅದೇ ಆಟ ಸಂಗೀತಕ್ಕೆ, ಮೊಬೈಲಿಗೆ, ಕೊನೆಗೆ ಸಾವಿರಾರು ರೂಪಾಯಿಯ ಗೊಂಬೆಗೆ ಬಂದಾಗ ಅದರ ಸ್ವರೂಪವೇ ಬೇರೆಯಾಯಿತು.

ಸಂಗೀತದಲ್ಲಿ ಮೊದಲ ದೊಡ್ಡ ಹೆಜ್ಜೆ ಜಪಾನಿನದೇ. ಎಕೆಬಿ48 ಎಂಬ ಗಾಯಕಿಯರ ತಂಡ 2009ರಿಂದ ಅಭಿಮಾನಿಗಳಿಗಾಗಿ ‘ಚುನಾವಣೆ’ ನಡೆಸತೊಡಗಿತು. ಮುಂದಿನ ಹಾಡಿನಲ್ಲಿ ಯಾರು ಮುಂದಿನ ಸಾಲಿನಲ್ಲಿ ನಿಲ್ಲಬೇಕೆಂದು ಮತ ಹಾಕಬಹುದು, ಮತಪತ್ರ ಸಿಡಿಯೊಳಗಿದೆ. ಹತ್ತು ಮತ ಬೇಕೆಂದರೆ ಹತ್ತು ಸಿಡಿ. 2017ರಲ್ಲಿ ಫುಕುಓಕಾದ ಗುಡ್ಡವೊಂದರಲ್ಲಿ ಈ ತಂಡದ 585 ಸಿಡಿಗಳನ್ನು ಸುರಿದುಹೋದವನ ಮೇಲೆ ಪೊಲೀಸರು ಕಸದ ಕಾಯ್ದೆಯಡಿ ಪ್ರಕರಣ ದಾಖಲಿಸಿದರು.

ಕೊರಿಯಾ ಇದನ್ನು ಇನ್ನಷ್ಟು ನಯಗೊಳಿಸಿತು. 2010ರ ಹೊತ್ತಿಗೆ ಗರ್ಲ್ಸ್ ಜನರೇಷನ್ ತಂಡದ ಆಲ್ಬಮ್ಮಿನಲ್ಲಿ ಸದಸ್ಯೆಯರ ಪುಟ್ಟ ಫೋಟೊಕಾರ್ಡ್ ಬರತೊಡಗಿತು. ಯಾರ ಕಾರ್ಡ್ ಬರುತ್ತದೆಂದು ಮೊದಲೇ ಗೊತ್ತಾಗದು. ಇವತ್ತು ಆ ಪದ್ಧತಿ ಬಿಟ್ಟ ಕೆ-ಪಾಪ್ ತಂಡ ಸಿಗುವುದೇ ಅಪರೂಪ. ತಾರೆಯನ್ನು ಎದುರಾಬದುರು ಕಂಡು ಹಸ್ತಾಕ್ಷರ ಪಡೆಯುವ ‘ಫ್ಯಾನ್‌ಸೈನ್’ಗೂ ಚೀಟಿ ಎತ್ತುತ್ತಾರೆ. ಕೊಂಡ ಒಂದೊಂದು ಆಲ್ಬಮ್ ಒಂದೊಂದು ಚೀಟಿ. ಹದಿಮೂರು ಹುಡುಗರ ಸೆವೆಂಟೀನ್ ತಂಡದ ‘ಎಫ್‌ಎಂಎಲ್’ 2023ರಲ್ಲಿ 64 ಲಕ್ಷ ಪ್ರತಿ ಮಾರಾಟವಾಗಿ, ಸಂಗೀತ ಉದ್ಯಮದ ಜಾಗತಿಕ ಸಂಘಟನೆ ಐಎಫ್‌ಪಿಐನ ಆ ವರ್ಷದ ಆಲ್ಬಮ್ ಪಟ್ಟಿಯಲ್ಲಿ ಮೊದಲನೆಯದಾಯಿತು. ಸಿಡಿ ಕೇಳುವ ಯಂತ್ರವೇ ಮನೆಗಳಿಂದ ಕಾಣೆಯಾದ ಕಾಲದಲ್ಲಿ! ಅದೇ ವರ್ಷ ಕೊರಿಯಾದ ಗ್ರಾಹಕ ಸಂಸ್ಥೆ ಅಭಿಮಾನಿಗಳನ್ನು ಕೇಳಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ತಾವು ಆಲ್ಬಮ್ ಕೊಳ್ಳುವುದು ಅದರೊಳಗಿನ ಕಾರ್ಡು, ಸಾಮಗ್ರಿಗಳ ಸಂಗ್ರಹಕ್ಕಾಗಿ ಎಂದಿದ್ದರು. ಮರುವರ್ಷ ಟೋಕಿಯೊದ ಶಿಬುಯಾದಲ್ಲಿ ಸೆವೆಂಟೀನ್‌ನ ಹೊಸ ಆಲ್ಬಮ್ಮುಗಳು ಪೆಟ್ಟಿಗೆಗಟ್ಟಲೆ ರಸ್ತೆಬದಿ ಬಿದ್ದಿದ್ದವು. ಕಾರ್ಡು ತೆಗೆದುಕೊಂಡವರಿಗೆ ಉಳಿದದ್ದು ಬೇಕಿರಲಿಲ್ಲ.

ತಿಂಗಳುಗಟ್ಟಲೆ ಸ್ಟುಡಿಯೊದಲ್ಲಿ ಹಾಡಿ, ಬರೆದು, ಕುಣಿದು ತಯಾರಿಸಿದ ಸಂಗೀತ ಹೀಗೆ ಕಸದಂತೆ ಬೀದಿಯಲ್ಲಿ ಬಿದ್ದಿರುವುದು ಆ ಕಲಾವಿದರಿಗೇ ಆದ ಅವಮಾನ. ಅಭಿಮಾನಿಗಳನ್ನು ಇದಕ್ಕೆ ಮೂದಲಿಸುವುದು ತಪ್ಪು. ‘ಬಯಾಸ್’ ಎಂದು ತಾವು ಕರೆಯುವ ಮೆಚ್ಚಿನ ತಾರೆಯ ಕಾರ್ಡಿಗೆ ಆಸೆಪಡುವ ಹುಡುಗಿ ಯಾರಿಗೂ ಮೋಸ ಮಾಡಿಲ್ಲ. ಆಕೆಯ ಪ್ರೀತಿಯನ್ನು ಅಳೆದು, ಅದಕ್ಕೆ ಸರಿಯಾಗಿ ಡಬ್ಬಿ ಮುಚ್ಚಿದವರು ಬೇರೆ. ಇದರ ಹೊರೆ ಹೊರುವುದರಲ್ಲಿ ಅಭಿಮಾನಿಗಳೇ ಮುಂದು. 2021ರಲ್ಲಿ ಕೆ-ಪಾಪ್ ಅಭಿಮಾನಿಗಳೇ ಕಟ್ಟಿಕೊಂಡ ಕೆಪಾಪ್‌ಫಾರ್‌ಪ್ಲಾನೆಟ್ ಎಂಬ ಗುಂಪು ಆಲ್ಬಮ್ ತ್ಯಾಜ್ಯದ ವಿರುದ್ಧ ಕಂಪನಿಗಳ ಬಾಗಿಲು ಬಡಿಯುತ್ತಲೇ ಇದೆ.

ಡಬ್ಬಿಯ ಆಟ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಮೇಪಲ್‌ಸ್ಟೋರಿ ಸಾಕ್ಷಿ. ಕೊರಿಯಾದ ನೆಕ್ಸಾನ್ ಕಂಪನಿಯ ಬಹು ಜನಪ್ರಿಯ ಆನ್‌ಲೈನ್ ಗೇಮ್ ಅದು. ದುಡ್ಡು ಕೊಟ್ಟು ‘ಕ್ಯೂಬ್’ ಕೊಂಡು ತಿರುವಿದರೆ ಪಾತ್ರಕ್ಕೆ ಹೊಸ ಶಕ್ತಿ ಬರುತ್ತದೆ, ಯಾವುದೆಂಬುದು ಅದೃಷ್ಟ. 2010ರಿಂದ ನೆಕ್ಸಾನ್ ಕೆಲವು ಬೇಡಿಕೆಯ ಶಕ್ತಿಗಳು ಸಿಗುವ ಸಂಭವವನ್ನು ಯಾರಿಗೂ ಹೇಳದೆ ಇಳಿಸಿತು. 2011ರಲ್ಲಿ ಆಟಗಾರರು ಅತಿ ಹೆಚ್ಚು ಬಯಸುತ್ತಿದ್ದ ಕೆಲವು ಜೋಡಣೆಗಳ ಸಂಭವವನ್ನು ಸೊನ್ನೆಗೇ ತಂದಿತು. ಬರಲಾರದ ಬಹುಮಾನಕ್ಕೆ ಜನ ವರ್ಷಗಟ್ಟಲೆ ದುಡ್ಡು ಸುರಿದರು. 2024ರ ಜನವರಿಯಲ್ಲಿ ಕೊರಿಯಾದ ನ್ಯಾಯಸಮ್ಮತ ವ್ಯಾಪಾರ ಆಯೋಗ ಕಂಪನಿಗೆ 1,160 ಕೋಟಿ ವೊನ್ ದಂಡ ಹಾಕಿತು. ಅದೇ ಮಾರ್ಚ್‌ನಿಂದ ಇಂಥ ಆಟಗಳು ಸಂಭವಗಳನ್ನು ಬಹಿರಂಗಪಡಿಸಲೇಬೇಕೆಂಬ ಕಾನೂನು ಜಾರಿಗೆ ಬಂತು.

ಗಮನಿಸಬೇಕಾದ ಮಾತಿದು: ಈ ಮಾರಾಟದ ಜಾಣ್ಮೆ ಹುಟ್ಟಿ ಬೆಳೆದ ದೇಶಗಳೇ ಅದಕ್ಕೆ ಲಗಾಮನ್ನೂ ಹಾಕಿವೆ. ಹಲವು ಅದೃಷ್ಟದ ವಸ್ತುಗಳ ಪೂರ್ತಿ ಸೆಟ್ ಕೂಡಿಸಿದರೆ ಮಾತ್ರ ದೊಡ್ಡ ಬಹುಮಾನ ಎಂಬ ಮೊಬೈಲ್ ಗೇಮ್ ಪದ್ಧತಿಯನ್ನು ಜಪಾನ್ 2012ರಲ್ಲೇ ತಡೆಯಿತು. ಆ ಸುದ್ದಿ ಬಂದ ದಿನ ಗ್ರೀ, ಡಿಇಎನ್ಎ ಎಂಬ ಗೇಮ್ ಕಂಪನಿಗಳ ಷೇರುಗಳು ಒಂದೇ ಏಟಿಗೆ ಕುಸಿದವು. ಲಾಭ ಎಲ್ಲಿಂದ ಬರುತ್ತಿತ್ತೆಂದು ಷೇರುಪೇಟೆಗೆ ಚೆನ್ನಾಗಿ ಗೊತ್ತಿತ್ತು. ಚೀನಾ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಎಂಟು ವರ್ಷದೊಳಗಿನ ಮಕ್ಕಳಿಗೆ ಇಂಥ ಡಬ್ಬಿ ಮಾರುವಂತಿಲ್ಲ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಪೋಷಕರ ಒಪ್ಪಿಗೆ ಬೇಕು, ಸಂಭವಗಳನ್ನು ಪ್ರಕಟಿಸಬೇಕು. 2025ರ ಜೂನ್‌ನಲ್ಲಿ ‘ಪೀಪಲ್ಸ್ ಡೈಲಿ’ ಪತ್ರಿಕೆ ಇನ್ನಷ್ಟು ಬಿಗಿ ಬೇಕೆಂದು ಬರೆಯಿತು.

ಡಬ್ಬಿ ಮುಚ್ಚದೆ ಪಾತ್ರವೊಂದನ್ನು ಪ್ರಪಂಚಕ್ಕೆ ತಲುಪಿಸಲಾಗದು ಎನ್ನುವವರು ಕುಮಾಮೊನ್ ಕರಡಿಯನ್ನು ನೋಡಬೇಕು. ಜಪಾನಿನ ಕುಮಾಮೊಟೊ ಪ್ರಾಂತ ಹೊಸ ಬುಲೆಟ್ ರೈಲು ಮಾರ್ಗದ ಪ್ರಚಾರಕ್ಕೆಂದು 2010ರಲ್ಲಿ ಸೃಷ್ಟಿಸಿದ ಕೆಂಪು ಕೆನ್ನೆಯ ಕಪ್ಪು ಕರಡಿ ಅದು. ಊರಿನ ಹೆಸರಿಗೆ ನೆರವಾಗುವಂತಿದ್ದರೆ ಕಂಪನಿಗಳು ಅನುಮತಿ ಪಡೆದು ಅದರ ಚಿತ್ರವನ್ನು ಪುಕ್ಕಟೆ ಬಳಸಬಹುದೆಂದು ಪ್ರಾಂತೀಯ ಆಡಳಿತ ಬಾಗಿಲು ತೆರೆಯಿತು. ಬಿಸ್ಕತ್ತು, ಅಕ್ಕಿ, ಟೊಮೆಟೊ ಪೆಟ್ಟಿಗೆ, ಎಲ್ಲದರ ಮೇಲೂ ಕರಡಿ ಬಂತು. 2015ರಲ್ಲೇ ಕುಮಾಮೊನ್ ಸರಕುಗಳ ವಾರ್ಷಿಕ ಮಾರಾಟ 10,000 ಕೋಟಿ ಯೆನ್ ಮುಟ್ಟಿತು. ಅದರಲ್ಲಿ ಅದೃಷ್ಟದ ಪಾಲಿರಲಿಲ್ಲ. ಬೇಕಾದ್ದನ್ನು ನೋಡಿ, ಆರಿಸಿ ಕೊಂಡರು.

ಭಾರತಕ್ಕೆ ಈ ಮಾತು ದೂರದ್ದಲ್ಲ. ಬಿಟಿಎಸ್ ತಂಡದ ಹೈಬ್ ಕಂಪನಿ 2025ರಲ್ಲಿ ಮುಂಬೈಯಲ್ಲಿ ಅಂಗಸಂಸ್ಥೆ ತೆರೆದಿದೆ. ಬೆಂಗಳೂರಿನ ಹುಡುಗಿಯರು ಸಾಗಣೆ ವೆಚ್ಚ ಉಳಿಸಲು ಗುಂಪು ಕೂಡಿ ಸೋಲ್‌ನಿಂದ ಆಲ್ಬಮ್ ತರಿಸಿಕೊಳ್ಳುತ್ತಾರೆ. ‘ಲಫೂಫು’ ಎಂದು ಹೆಸರಾದ ನಕಲಿ ಲಬೂಬು ಫುಟ್‌ಪಾತಿನಲ್ಲಿ ಸಿಗುತ್ತದೆ. ಅದೃಷ್ಟದ ವ್ಯಾಪಾರ ಮನೆಗಳನ್ನು ಹೇಗೆ ಹಾಳುಮಾಡುತ್ತದೆಂದು ಕಂಡೇ 2007ರಲ್ಲಿ ಲಾಟರಿಯನ್ನು ನಿಷೇಧಿಸಿದ ರಾಜ್ಯ ಕರ್ನಾಟಕ. ಗೊಂಬೆಯ ಡಬ್ಬಿ ಲಾಟರಿಯಲ್ಲ, ಪ್ರತಿ ಸಲವೂ ಏನಾದರೊಂದು ಸಿಗುತ್ತದೆ ಎಂಬ ವಾದವನ್ನು ಒಪ್ಪಬಹುದು. ಅದಕ್ಕೇ ನಿಷೇಧ ಬೇಕಿಲ್ಲ. ಬೇಕಿರುವುದು ಮೂರು ಸಂಗತಿ. ಸಂಭವವನ್ನು ಡಬ್ಬಿಯ ಮೇಲೆ ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು. ಸರಣಿಯ ಯಾವುದೇ ಗೊಂಬೆಯನ್ನಾಗಲಿ ಕಾರ್ಡನ್ನಾಗಲಿ ನಿಗದಿತ ಬೆಲೆಗೆ ನೇರವಾಗಿ ಕೊಳ್ಳುವ ದಾರಿಯೂ ಇರಬೇಕು. ಪುಟ್ಟ ಮಕ್ಕಳಿಗೆ ಮಾರುವಂತಿರಬಾರದು.

ಇದಕ್ಕೆ ಹೊಸ ಕಾಯ್ದೆಯನ್ನು ಕಾಯಬೇಕಾಗಿಲ್ಲ. ಸರಕಿನ ಮಾರಾಟ ಹೆಚ್ಚಿಸಲು ಲಾಟರಿಯನ್ನೋ ಅದೃಷ್ಟದ ಆಟವನ್ನೋ ನಡೆಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಹೆಸರಿಸಿಯೇ ಸೇರಿಸಿದೆ. ಮುಚ್ಚಿದ ಡಬ್ಬಿ, ಫೋಟೊಕಾರ್ಡ್, ಫ್ಯಾನ್‌ಸೈನ್ ಚೀಟಿ ಆ ಮಾತಿನೊಳಗೆ ಬರುತ್ತವೆಯೇ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈಗಲೇ ಪರಿಶೀಲಿಸಬೇಕು. ಯಾರಾದರೂ ದೂರು ತರಲಿ ಎಂದು ಕೂರಬೇಕಾದ ಅಗತ್ಯವೂ ಅದಕ್ಕಿಲ್ಲ. ತಾನಾಗಿಯೇ ವಿಚಾರಣೆ ಕೈಗೆತ್ತಿಕೊಳ್ಳುವ ಅಧಿಕಾರವನ್ನು ಅದೇ ಕಾಯ್ದೆ ಕೊಟ್ಟಿದೆ.