ರಾಯಚೂರಿನ ಕಾಳಗವೂ ಮತಯುದ್ಧವೆಂಬ ಭ್ರಾಂತಿಯೂ

ರಾಯಚೂರಿನ ಕೋಟೆಯನ್ನು ನೋಡಬಂದವರಿಗೆ ಊರಿನ ವಿದ್ಯಾವಂತರು ಒಪ್ಪಿಸುವ ಪಾಠವು ಒಂದೇ: ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಯಲ್ಲಿ ಎರಡು ಮತಗಳು ಇನ್ನೂರು ವರ್ಷ ಕಾದಾಡಿದುವು. 1900ರಲ್ಲಿ ಪ್ರಕಟವಾದ ರಾಬರ್ಟ್ ಸೆವೆಲ್ಲರ ವಿಜಯನಗರದ ಚರಿತ್ರೆಯಿಂದ ಈ ಪಾಠವು ಬೇರೂರಿತು. ಆ ಗ್ರಂಥದಿಂದ ನಾಡಿಗಾದ ಉಪಕಾರವು ಅಲ್ಪವಲ್ಲ. ಆದರೆ ಉಪಕಾರಿಯು ನುಡಿದುದೆಲ್ಲವೂ ಪ್ರಮಾಣವಾಗಲಾರದು.

ಅಮೆರಿಕದ ಇತಿಹಾಸಜ್ಞ ರಿಚರ್ಡ್ ಈಟನ್ನರು 2005ರ ತಮ್ಮ ಗ್ರಂಥದಲ್ಲಿ ಅಳಿಯ ರಾಮರಾಯನ ಚರಿತ್ರೆಯನ್ನೂ 2009ರ ಪ್ರಬಂಧದಲ್ಲಿ ರಾಯಚೂರಿನ ಕಾಳಗವನ್ನೂ ಶೋಧಿಸಿ ಬೇರೊಂದು ಚಿತ್ರವನ್ನು ಮುಂದಿಟ್ಟಿರುವರು. ರಾಮರಾಯನು ಮೊದಲು ಊಳಿಗಕ್ಕೆ ನಿಂತುದು ಗೋಲ್ಕೊಂಡದ ಸುಲ್ತಾನನಲ್ಲಿ. ಅದೇ ಗೋಲ್ಕೊಂಡದ ಇಬ್ರಾಹಿಂ ಕುತುಬಶಹನು ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ಆಶ್ರಯ ಪಡೆದುದು ವಿಜಯನಗರದಲ್ಲಿ. 1520ರಲ್ಲಿ ಕೃಷ್ಣದೇವರಾಯನ ಪರವಾಗಿ ಈ ಕೋಟೆಯ ಮೇಲೆ ಗುಂಡು ಹಾರಿಸಿದವರು ಪೋರ್ಚುಗೀಜ ಕ್ರೈಸ್ತರು. ಇದು ಯಾವ ಮತದ ಯುದ್ಧ?

1565ರಲ್ಲಿ ಸುಲ್ತಾನರು ಒಂದಾಗಲಿಲ್ಲವೇ ಎಂದು ಆಕ್ಷೇಪಿಸುವರು. ಒಂದಾದುದು ನಿಜ. ಆದರೆ 1558ರಲ್ಲಿ ಬಿಜಾಪುರದ ಅಲಿ ಆದಿಲಶಹನು ರಾಮರಾಯನೊಡನೆ ಕೂಡಿಯೇ ಅಹಮ್ಮದನಗರದ ಮೇಲೆ ದಂಡೆತ್ತಿ ಹೋಗಿದ್ದನು. ಅಷ್ಟರಲ್ಲಿ ಯಾರ ಮತವೂ ಬದಲಾಗಲಿಲ್ಲ; ರಾಮರಾಯನ ಬಲವೂ ದರ್ಪವೂ ನೆರೆಯವರಿಗೆ ಅಸಹ್ಯವಾದುವು. ಗಡಿ ತಾಗಿದ ಅರಸನು ಶತ್ರು, ಅವನಾಚೆಯವನು ಮಿತ್ರ ಎಂಬ ಕೌಟಿಲ್ಯನ ಮಂಡಲನೀತಿಯನ್ನು ಬಲ್ಲವರಿಗೆ ಇದರಲ್ಲಿ ವಿಸ್ಮಯವೇನು? ಅಲ್ಲಿ ಶತ್ರುವಿನ ಲಕ್ಷಣವು ಗಡಿಯೇ ಹೊರತು ದೇವರಲ್ಲ.

ವಿದೇಶೀಯನ ಮಾತು ನಮಗೇಕೆ ಎನ್ನುವವರೂ ಉಂಟು. ಸೆವೆಲ್ಲರೇನು ಮಾನ್ವಿಯಲ್ಲಿ ಹುಟ್ಟಿದವರೇ? ಅದು ಹಾಗಿರಲಿ, ಕೋಟೆಯ ಗೋಡೆಯನ್ನೇ ಓದಲಿ. 1294ರ ತೆಲುಗು ಶಾಸನವು, ಕಾಕತೀಯರ ಪಕ್ಷದ ವಿಠ್ಠಲನಾಥನು ಆದವಾನಿ, ಮಾನುವ ಮೊದಲಾದ ದುರ್ಗಗಳನ್ನು ಗೆದ್ದು ಇಲ್ಲಿ ಗೋಡೆಯನ್ನು ಕಟ್ಟಿಸಿದನೆಂದು ಸಾರುತ್ತಿದೆ. ಆ ಮಾನುವವೇ ಇಂದಿನ ಮಾನ್ವಿ. ಆಗ ಈ ಸೀಮೆಯಲ್ಲಿ ಸುಲ್ತಾನರ ಆಳಿಕೆಯೇ ಇರಲಿಲ್ಲ; ಕಾಳಗವು ಮಾತ್ರ ಇದ್ದಿತು.

ದೋಷವನ್ನು ಹುಡುಕಬೇಕಾದುದು ಅರಸರ ನಡತೆಯಲ್ಲಿ. 1520ರ ಜಯದ ತರುವಾಯ ಕೃಷ್ಣದೇವರಾಯನು, ಸೋತ ಆದಿಲಶಹನು ಬಂದು ತನ್ನ ಪಾದವನ್ನು ಚುಂಬಿಸಬೇಕೆಂದು ಕೇಳಿದನೆಂದು ಪೋರ್ಚುಗೀಜನಾದ ನೂನಿಜನು ಬರೆದಿರುವನು. ಸಂಧಿಗೆ ಒದಗಿದ ಕಾಲವು ಅಪಮಾನಕ್ಕೆ ವ್ಯಯವಾಯಿತು. ಅರಸರ ಇಂತಹ ಹಟಕ್ಕೆ ಬೆಲೆ ತೆರುವುದು ದಂಡಿನ ದಾರಿಯಲ್ಲಿದ್ದ ಹಳ್ಳಿಗಳ ಪಾಲಿಗೆ ಬಂದಿತು.

ಮಾನ್ವಿ ದೇವದುರ್ಗಗಳ ಶಾಲೆಗಳಲ್ಲಿ ಒಂದೇ ಹಲಗೆಯ ಮೇಲೆ ಕುಳಿತ ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಗೆದ್ದವನೆಂದೂ ಮತ್ತೊಬ್ಬನನ್ನು ಸೋತವನೆಂದೂ ಎಣಿಸುವ ಪಾಠವು ವಿದ್ಯೆಯೆನಿಸದು. ಉಪಾಧ್ಯಾಯರು ಮೊದಲು ಆ ಶಾಸನದ ಮುಂದೆ ಮಕ್ಕಳನ್ನು ನಿಲ್ಲಿಸಲಿ, ಜಯಘೋಷವು ಆಮೇಲಾಗಲಿ.